ನನ್ನ ಲೆಕ್ಕ ನಾನೇ ಬರೆದುಕೊಂಡ ಎರಡು ವರ್ಷ

ಆ ಸರ್ಕ್ಯುಲರ್ ನನಗೆ ಸಿಕ್ಕಿದ್ದು ಪ್ರಿಂಟರ್ ಪಕ್ಕದ ರದ್ದಿ ಕಾಗದದ ರಾಶಿಯಲ್ಲಿ. 2022ರ ಜನವರಿ. ಹಿಂಬದಿ ಖಾಲಿ ಇರುವ ಹಾಳೆಗಳನ್ನು ನಾವು ಅಲ್ಲಿ ಇಟ್ಟಿರುತ್ತಿದ್ದೆವು, ಲೆಕ್ಕ ಗೀಚೋದಕ್ಕೆ ಅಂತ. ಸಂಜೆ ಕ್ಯಾಶ್ ಮುಗಿಸಿ, ಚಿಲ್ಲರೆ ಎಷ್ಟಿದೆ ಬರೆಯೋಣ ಅಂತ ಒಂದು ಹಾಳೆ ಎಳೆದೆ. ತಿರುಗಿಸಿ ನೋಡಿದರೆ ಕ್ಲರ್ಕ್‌ಗಳಿಗೆ ಸ್ಕೇಲ್ ಒನ್, ಅಂದರೆ ಮೊದಲ ಹಂತದ ಅಧಿಕಾರಿ ಹುದ್ದೆಗೆ ಬಡ್ತಿ ಅಂತ ತಲೆಬರಹ. ಅರ್ಜಿ ಹಾಕುವ ಕೊನೆಯ ದಿನ ಮುಗಿದು ನಾಲ್ಕು ದಿನ ಆಗಿತ್ತು.

ಹಾಳೆ ಹಿಡಿದುಕೊಂಡು ಮ್ಯಾನೇಜರ್ ಸರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಹಬ್ಬಕ್ಕೆ ರಜೆ ಕೇಳಿದರೆ ಇಲ್ಲ ಅಂದವರಲ್ಲ. "ಅಯ್ಯೋ, ನಿಮಗೆ ಚಿಕ್ಕ ಮಗು ಇದೆಯಲ್ಲಮ್ಮ. ದೂರ ಹಾಕಿದ್ರೆ ಹೋಗೋಕೆ ಆಗಲ್ಲ ಅಂತ ನಿಮಗೆ ಹೇಳಲಿಲ್ಲ. ಆ ಹುಡುಗನಿಗೆ ಕೊಟ್ಟೆ" ಅಂದರು. ಆ ಹುಡುಗ ಬ್ಯಾಂಕಿಗೆ ಸೇರಿ ಮೂರು ವರ್ಷ. ನನಗದು ಒಂಬತ್ತನೇ ವರ್ಷ.

ಸಿಟ್ಟು ಬಂತು. ಅಳುವೂ ಬಂತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಆದರೆ ರಾತ್ರಿ ಅನ್ನಕ್ಕಿಟ್ಟು ಒಲೆ ಮುಂದೆ ನಿಂತಾಗ ಒಂದು ಪ್ರಶ್ನೆ ಎದ್ದು ಬಂತು. ನನಗೆ ಬಡ್ತಿ ಬೇಕು ಅಂತ ನಾನು ಯಾವತ್ತಾದರೂ ಯಾರ ಹತ್ತಿರವಾದರೂ ಹೇಳಿದ್ದೆನಾ? ಒಂದು ಸಲವೂ ಇಲ್ಲ. ಮನೆಯಲ್ಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ, ಆದ್ದರಿಂದ ಬೇರೆಯವರು ನನ್ನ ಪರವಾಗಿ ತೀರ್ಮಾನ ಮಾಡಿದರು. ಒಳ್ಳೇ ಮನಸ್ಸಿನಿಂದಲೇ ಮಾಡಿದರು. ಅದೇ ಜಾಸ್ತಿ ನೋವಾಗಿದ್ದು.

ನಮ್ಮದು ತಿಪಟೂರು ಸೀಮೆ. ತೆಂಗು, ರಾಗಿ, ಕೊಬ್ಬರಿ. ನಾನು ಬಿಎಸ್‌ಸಿ ಮಾಡಿ, ಐಬಿಪಿಎಸ್ ಪರೀಕ್ಷೆ ಬರೆದು, 2013ರಲ್ಲಿ ಒಂದು ಸರ್ಕಾರಿ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದೆ. ಎರಡನೇ ತಿಂಗಳಿಂದಲೇ ಕ್ಯಾಶ್ ಕೌಂಟರ್. ಕೈ ಚುರುಕು. ಕೊಬ್ಬರಿ ಹರಾಜಿನ ದಿನ ಕೌಂಟರ್ ಮುಂದೆ ಸಾಲು ಬಾಗಿಲು ದಾಟಿದರೂ ನನಗೆ ಗಾಬರಿ ಆಗುತ್ತಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. 10ನೇ ತಾರೀಖು ಬೆಳಿಗ್ಗೆ ಶಟರ್ ಎತ್ತಿದಾಗ ರಸ್ತೆಯವರೆಗೂ ಜನ. ಆ ದಿನಗಳಲ್ಲಿ ರಾತ್ರಿ ಒಂಬತ್ತಾದರೂ ಲೆಕ್ಕ ಮುಗಿಯುತ್ತಿರಲಿಲ್ಲ. ಅಷ್ಟು ಗಲಾಟೆಯಲ್ಲೂ ನನ್ನ ಕ್ಯಾಶ್ ಒಂದು ದಿನವೂ ಶಾರ್ಟ್ ಬರಲಿಲ್ಲ. ಅದು ನನಗೆ ಇವತ್ತಿಗೂ ಹೆಮ್ಮೆ.

ಆದರೆ ಆ ಹೆಸರೇ ನನ್ನನ್ನು ಅಲ್ಲಿ ಕಟ್ಟಿ ಕೂರಿಸಿತ್ತು. ಮ್ಯಾನೇಜರ್‌ಗಳು ಬಂದರು, ಹೋದರು. ಪ್ರತಿಯೊಬ್ಬರೂ "ಕ್ಯಾಶ್‌ಗೆ ಮೇಡಂ ಇದ್ದಾರಲ್ಲ, ನಿಶ್ಚಿಂತೆ" ಅನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಅಂತ ತೆಗೆದುಕೊಳ್ಳುತ್ತಿದ್ದೆ. ನನ್ನ ಹಿಂದೆ ಎರಡು ಅಡಿ ದೂರದಲ್ಲಿ ಸಾಲದ ಟೇಬಲ್ ಇತ್ತು. ಅಲ್ಲಿ ಏನು ನಡೆಯುತ್ತೆ ಅಂತ ಒಂಬತ್ತು ವರ್ಷದಲ್ಲಿ ನಾನು ತಿರುಗಿ ನೋಡಿರಲಿಲ್ಲ.

ಬ್ಯಾಂಕಿನಲ್ಲಿ ಇರುವವರಿಗೆ ಈ ಮಾತು ಚೆನ್ನಾಗಿ ಗೊತ್ತು. ಪ್ರಮೋಷನ್ ಅಂದರೆ ಟ್ರಾನ್ಸ್‌ಫರ್. ಕ್ಲರ್ಕ್ ಆಗಿದ್ದರೆ ಊರ ಹತ್ತಿರ ಇರಬಹುದು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು. ಅಧಿಕಾರಿ ಆದರೆ ದೇಶದ ಯಾವ ಮೂಲೆಗಾದರೂ ಹಾಕಬಹುದು, ಹೊತ್ತು ಗೊತ್ತು ಇಲ್ಲ. ಸಂಬಳದ ವ್ಯತ್ಯಾಸವೂ ಹೊರಗಿನವರು ಅಂದುಕೊಂಡಷ್ಟು ದೊಡ್ಡದಲ್ಲ. ಹಾಗಾಗಿ ಬೇಡ ಅನ್ನುವವರು ತುಂಬಾ ಜನ. ಹೆಂಗಸರಲ್ಲಿ ಇನ್ನೂ ಜಾಸ್ತಿ. ನಮ್ಮ ಶಾಖೆಯಲ್ಲಿ ಒಬ್ಬರು ಹಿರಿಯರಿದ್ದರು, ಅವರನ್ನು ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಬೇಕು ಅಂತ ಮೂರು ಸಲ ಬಡ್ತಿ ಬಿಟ್ಟರು. ಅವರು ಯೋಚನೆ ಮಾಡಿ ಬಿಟ್ಟಿದ್ದು. ನಾನು ಯೋಚನೆಯನ್ನೇ ಮಾಡಿರಲಿಲ್ಲ. ಎರಡೂ ಒಂದೇ ಅಲ್ಲ, ಅಲ್ವಾ?

ಮೊದಲು ಮನೆಯಲ್ಲಿ ಮಾತಾಡಿದೆ. ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ. ಅಂಗಡಿ ಬಿಟ್ಟು ನನ್ನ ಜೊತೆ ಬರೋಕೆ ಆಗಲ್ಲ. "ರೀ, ನಾನು ಆಫೀಸರ್ ಆಗ್ಬೇಕು ಅಂತಿದ್ದೀನಿ. ದೂರ ಹಾಕಬಹುದು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನಗೆ ಆಸೆ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದರು. ಅತ್ತೆ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಮಗೀನ ಯಾರ್ ನೋಡ್ಕೊಳ್ತಾರಮ್ಮ? ನನ್ ಕೈಲಾಗುತ್ತಾ?" ಅಂದರು. ನ್ಯಾಯವಾದ ಮಾತು. ನಮ್ಮ ಅಮ್ಮ ಅರಸೀಕೆರೆಯಲ್ಲಿದ್ದಾರೆ, ರೈಲಿನಲ್ಲಿ ಅರ್ಧ ಗಂಟೆ. ಅವರನ್ನೂ ಕರೆಸಿ ಕೂರಿಸಿ ಮಾತಾಡಿದೆವು. ಒಂದು ದಿನದಲ್ಲಿ ಮುಗಿದ ಮಾತಲ್ಲ ಅದು, ಮೂರ್ನಾಲ್ಕು ತಿಂಗಳು ನಡೆಯಿತು. ಕೊನೆಗೆ ಅತ್ತೆಯೇ "ಓದು ಮೊದಲು. ಹಾಕಿದಾಗ ನೋಡ್ಕೊಳ್ಳೋಣ" ಅಂದರು.

ಬ್ಯಾಂಕಿನಲ್ಲಿ ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದಿದ್ದರು. ಆಂಧ್ರದವರು, ಕನ್ನಡ ಕಲಿಯುತ್ತಿದ್ದರು. ಸಾಲದ ಕೆಲಸ ಕಲಿಯಬೇಕು ಅಂತ ಅವರನ್ನು ಕೇಳಬೇಕಿತ್ತು. ಕೇಳಿದ ತಕ್ಷಣ ಅವರು ಏನನ್ನುತ್ತಾರೆ ಅಂತಲೂ ಗೊತ್ತಿತ್ತು. "ಹಾಗಾದ್ರೆ ಕ್ಯಾಶ್‌ಗೆ ಯಾರು?" ಅದಕ್ಕೆ ಉತ್ತರ ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು ಅಂತ ನಿರ್ಧಾರ ಮಾಡಿದೆ.

ನಮ್ಮಲ್ಲಿ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಳು. ನೋಟು ಎಣಿಸುವುದೆಂದರೆ ಅವಳಿಗೆ ಭಯ. ಒಂದು ತಿಂಗಳು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮಿಷನ್ ಎಣಿಸಿದ್ದನ್ನು ಕೈಯಲ್ಲಿ ಯಾಕೆ ಇನ್ನೊಮ್ಮೆ ನೋಡಬೇಕು, ಹರಿದ ನೋಟು ಹೇಗೆ ಬೇರೆ ಮಾಡಬೇಕು, ನೂರು ನೋಟಿನ ಪ್ಯಾಕೆಟ್ ಹತ್ತು ಸೇರಿದರೆ ಬಂಡಲ್, ದುಡ್ಡು ಕೊಡುವಾಗ ಗ್ರಾಹಕರ ಮುಖ ನೋಡದೆ ಕೈ ಬಿಡಬಾರದು, ಇಂಥದ್ದೆಲ್ಲ. ಶಾರ್ಟ್ ಬಂದರೆ ಗಾಬರಿಯಾಗದೆ ದೊಡ್ಡ ವೋಚರ್‌ಗಳಿಂದ ಹುಡುಕಬೇಕು ಅಂತಲೂ ಹೇಳಿಕೊಟ್ಟೆ. ತಿಂಗಳ ಕೊನೆಗೆ ಅವಳು ಒಬ್ಬಳೇ ಮಧ್ಯಾಹ್ನದ ಹೊತ್ತು ಕೌಂಟರ್ ನೋಡುವಷ್ಟಾದಳು.

ಆಮೇಲೆ ಮ್ಯಾನೇಜರ್ ಕ್ಯಾಬಿನ್‌ಗೆ ಹೋದೆ. "ಸರ್, ನಾನು ಮುಂದಿನ ಸಲ ಪ್ರಮೋಷನ್‌ಗೆ ಹಾಕ್ತೀನಿ. ಸಾಲದ ಕೆಲಸ ಕಲೀಬೇಕು. ವಾರದಲ್ಲಿ ಎರಡು ಮಧ್ಯಾಹ್ನ ಅವಳು ಕ್ಯಾಶ್ ನೋಡ್ತಾಳೆ, ಉಳಿದ ದಿನ ನಾಲ್ಕು ಗಂಟೆಗೆ ಕ್ಯಾಶ್ ಮುಚ್ಚಿದ ಮೇಲೆ ನಾನು ಸಾಲದ ಟೇಬಲ್‌ನಲ್ಲಿ ಕೂರ್ತೀನಿ" ಅಂದೆ. ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತು. ಆದರೂ ಗಂಟಲು ಒಣಗಿತ್ತು. ಅವರು "ಕೂತುಕೊಳ್ಳಿ ಮೇಡಂ" ಅಂದರು. "ನನ್ನನ್ನು ಹೀಗೆ ಯಾರೂ ಕೇಳಿಲ್ಲ. ಎಲ್ಲರೂ ಕೆಲಸ ಕಡಿಮೆ ಮಾಡಿ ಅಂತ ಬರ್ತಾರೆ." ಅವತ್ತೇ ಒಪ್ಪಿದರು.

ಈ ಒಂದು ವಿಷಯ ನಾನು ಒತ್ತಿ ಹೇಳುತ್ತೇನೆ. ನಮ್ಮ ಸೀಟಿಗೆ ಇನ್ನೊಬ್ಬರನ್ನು ತಯಾರು ಮಾಡದೆ ನಾವು ಆ ಸೀಟಿನಿಂದ ಏಳೋಕೆ ಆಗುವುದಿಲ್ಲ. ಕೆಲಸದ ಗುಟ್ಟು ಬೇರೆಯವರಿಗೆ ಬಿಟ್ಟುಕೊಡಬಾರದು ಅಂತ ಹೇಳುವವರಿದ್ದಾರೆ. ಒಂಬತ್ತು ವರ್ಷ ನಾನು ಬಿಟ್ಟುಕೊಡಲಿಲ್ಲ. ಒಂಬತ್ತು ವರ್ಷ ಅಲ್ಲೇ ಕೂತಿದ್ದೆ.

ಸಾಲದ ಟೇಬಲ್ ಬೇರೆ ಲೋಕ. ಮೊದಲ ವಾರ ಚಿನ್ನದ ಸಾಲ. ನಮ್ಮ ಅಪ್ರೈಸರ್ ಒರೆಗಲ್ಲಿನ ಮೇಲೆ ಬಳೆ ಉಜ್ಜಿ, ಆಸಿಡ್ ಹನಿ ಬಿಟ್ಟು, ಗೆರೆ ಹೇಗೆ ಉಳಿಯುತ್ತೆ ಅಂತ ತೋರಿಸಿದರು. ಕಲ್ಲು, ಅರಗಿನ ತೂಕ ಕಳೆದ ಮೇಲೆ ನಿಜವಾದ ತೂಕ. ಅದರ ಬೆಲೆಯ ಮುಕ್ಕಾಲು ಭಾಗದವರೆಗೆ ಸಾಲ ಕೊಡಬಹುದು ಅಂತ ಆಗ ರಿಸರ್ವ್ ಬ್ಯಾಂಕ್ ನಿಯಮ ಇತ್ತು. ಒಬ್ಬ ಅಜ್ಜಿ ಸರ ಬಿಚ್ಚಿ ಟೇಬಲ್ ಮೇಲಿಟ್ಟು, ಸೀಲ್ ಹಾಕುವ ತನಕ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. "ಇದೇ ಕೈಗೆ ವಾಪಸ್ ಬರ್ಬೇಕು ಕಣವ್ವ" ಅಂದರು. ಕ್ಯಾಶ್ ಕೌಂಟರ್‌ನಲ್ಲಿ ಇಷ್ಟು ವರ್ಷ ನಾನು ಕೊಟ್ಟ ದುಡ್ಡಿನಲ್ಲಿ ಇಂಥ ಎಷ್ಟು ಸರಗಳ ದುಡ್ಡಿತ್ತೋ ಅಂತ ಅನ್ನಿಸಿತು.

ಆಮೇಲೆ ಬೆಳೆ ಸಾಲ. ಪಹಣಿ ಓದುವುದು ಕಲಿತೆ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರು, ಹನ್ನೊಂದನೇ ಕಾಲಂನಲ್ಲಿ ಹಳೇ ಸಾಲದ ಬೋಜ ಇದೆಯಾ, ಜಂಟಿ ಖಾತೆ ಆದರೆ ಯಾರ್ಯಾರ ಸಹಿ ಬೇಕು. ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಇಲ್ಲದೆ ಬಂದ ರೈತರನ್ನು ಎಲ್ಲಿಗೆ ಕಳಿಸಬೇಕು. ಆಗ 1.6 ಲಕ್ಷದವರೆಗೆ ಜಮೀನು ಅಡ ಇಡುವುದು ಬೇಕಿರಲಿಲ್ಲ. 2025ರ ಜನವರಿಯಿಂದ ಅದು 2 ಲಕ್ಷ ಆಗಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ (ಕೆಸಿಸಿ) ಸಾಲಕ್ಕೆ 3 ಲಕ್ಷದವರೆಗೆ ಬಡ್ಡಿ ಶೇಕಡಾ 7. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಸರ್ಕಾರ ಶೇಕಡಾ 3 ಬಿಡುತ್ತೆ, ಉಳಿಯುವುದು 4. ನಮ್ಮ ಅಪ್ಪ ರೈತರು. ಅವರು ಎಷ್ಟೋ ವರ್ಷ ಒಂದೆರಡು ವಾರ ತಡವಾಗಿ ಕಟ್ಟಿ ಆ ಮೂರು ಪರ್ಸೆಂಟ್ ಕಳೆದುಕೊಂಡಿದ್ದರು. ಮಗಳು ಬ್ಯಾಂಕಿನಲ್ಲೇ ಇದ್ದಳು. ಆದರೆ ಮಗಳಿಗೆ ಅದು ಗೊತ್ತಿರಲಿಲ್ಲ. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ತಾರೀಖು ಹೇಳಿದೆ.

2023ರ ಶುರುವಿನಲ್ಲಿ ಮತ್ತೆ ಸರ್ಕ್ಯುಲರ್ ಬಂತು. ಅರ್ಜಿ ಹಾಕಿದೆ. ಲಿಖಿತ ಪರೀಕ್ಷೆ ಪಾಸಾದೆ. ಸಂದರ್ಶನಕ್ಕೆ ಬೆಂಗಳೂರಿಗೆ ಕರೆದರು.

ಒಳಗೆ ಮೂರು ಜನ ಇದ್ದರು. ಹತ್ತು ವರ್ಷದಲ್ಲಿ ಏನು ಮಾಡಿದ್ದೀರಿ ಅಂತ ಮೊದಲ ಪ್ರಶ್ನೆ. ಕ್ಯಾಶ್ ಒಂದು ದಿನವೂ ಶಾರ್ಟ್ ಬಂದಿಲ್ಲ ಅಂದೆ. ತುಂಬಾ ಒಳ್ಳೆಯದು ಅಂದರು, ಮನಸಾರೆ ಅಂದರು. ಆಮೇಲೆ ನಡುವೆ ಕೂತಿದ್ದವರು ಕೇಳಿದರು. ನಿಮ್ಮ ಶಾಖೆಯ ಒಟ್ಟು ಡೆಪಾಸಿಟ್ ಎಷ್ಟು? ಅದರಲ್ಲಿ ಉಳಿತಾಯ ಮತ್ತು ಚಾಲ್ತಿ ಖಾತೆಯ ದುಡ್ಡು ಎಷ್ಟು ಪರ್ಸೆಂಟ್? ಎನ್‌ಪಿಎ, ಅಂದರೆ ಕಟ್ಟದೆ ಬಾಕಿ ಬಿದ್ದ ಸಾಲ, ಎಷ್ಟು? ನೀವು ಕೆಲಸ ಮಾಡಿದ ಸಾಲದಲ್ಲಿ ಎಷ್ಟು ಖಾತೆ, ಎಷ್ಟು ಮೊತ್ತ?

ನನಗೆ ಒಂದಕ್ಕೂ ಅಂಕಿ ಗೊತ್ತಿರಲಿಲ್ಲ. ಎಂಟು ತಿಂಗಳು ಸಾಲದ ಟೇಬಲ್‌ನಲ್ಲಿ ಕೂತಿದ್ದೆ. ಎಷ್ಟು ಫೈಲ್ ಮಾಡಿದೆ ಅಂತ ಎಣಿಸಿರಲಿಲ್ಲ. "ತುಂಬಾ ಮಾಡಿದ್ದೇನೆ ಸರ್" ಅಂದೆ. ಅವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದರು. ಹೊರಗೆ ಬಂದು ಕಾರಿಡಾರ್‌ನಲ್ಲಿ ನೀರು ಕುಡಿಯುವಾಗಲೇ ಗೊತ್ತಾಯಿತು, ಆಗಲಿಲ್ಲ ಅಂತ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಒಂದು ಸಂಜೆ ಎಂದಿನಂತೆ ಕ್ಯಾಶ್ ಮುಚ್ಚಿ ರಿಜಿಸ್ಟರ್ ಬರೆಯುತ್ತಿದ್ದೆ. ಐನೂರರದ್ದು ಇಷ್ಟು, ಇನ್ನೂರರದ್ದು ಇಷ್ಟು, ನೂರರದ್ದು ಇಷ್ಟು, ನಾಣ್ಯ ಇಷ್ಟು. ಒಂದು ರೂಪಾಯಿ ಹೆಚ್ಚು ಕಮ್ಮಿ ಆದರೂ ಮನೆಗೆ ಹೋಗುವ ಹಾಗಿಲ್ಲ. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು. ಬ್ಯಾಂಕಿನ ದುಡ್ಡಿಗೆ ಹತ್ತು ವರ್ಷ ಪ್ರತಿ ಸಂಜೆ ಲೆಕ್ಕ ಬರೆದಿದ್ದೇನೆ. ನನ್ನ ಕೆಲಸಕ್ಕೆ ಒಂದು ಸಾಲೂ ಬರೆದಿಲ್ಲ.

ಮನೆಯಲ್ಲಿ ಅಂಗಡಿಗೆ ಬಂದ ಒಂದು ಸಿಮೆಂಟ್ ಕಂಪನಿಯ ಡೈರಿ ಇತ್ತು. ಅದನ್ನೇ ತೆಗೆದುಕೊಂಡೆ. ಪ್ರತಿ ದಿನ ಐದು ನಿಮಿಷ, ಬ್ಯಾಂಕಿನಿಂದ ಹೊರಡುವ ಮೊದಲು. ಒಂದು ಪುಟ ತೆಗೆದು ಇಲ್ಲಿ ಹೇಳುತ್ತೇನೆ. "ಜೂನ್ 14. ಕೆಸಿಸಿ ರಿನ್ಯೂವಲ್ 4. ಒಬ್ಬರದ್ದು ತಡೆದೆ, ಪಹಣಿಯಲ್ಲಿ ತೀರಿಕೊಂಡ ಅಣ್ಣನ ಹೆಸರು ಇನ್ನೂ ಇದೆ, ಪೌತಿ ಖಾತೆ ಮಾಡಿಸಿ ಬನ್ನಿ ಅಂದೆ. ಸ್ವಸಹಾಯ ಸಂಘ 1, ಹೊಸದು, 12 ಜನ. ಗೊತ್ತಾಗದ್ದು: ಇನ್ಶೂರೆನ್ಸ್ ಕಂತು ಯಾವ ತಾರೀಖಿಗೆ ಕಡಿತ? ಕೇಳಬೇಕು." ಇಷ್ಟೇ. ಮಾಡಿದ್ದು, ತಡೆದದ್ದು, ಗೊತ್ತಾಗದ್ದು. ಮೂರನೆಯದೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಮಾರನೇ ದಿನ ಯಾರನ್ನಾದರೂ ಕೇಳಿ ಅದರ ಪಕ್ಕ ಉತ್ತರ ಬರೆಯುತ್ತಿದ್ದೆ. ತಿಂಗಳ ಕೊನೆಗೆ ಶಾಖೆಯ ಡೆಪಾಸಿಟ್, ಸಾಲ, ಎನ್‌ಪಿಎ ಮೂರು ಅಂಕಿ ಮ್ಯಾನೇಜರ್ ಹತ್ತಿರ ಕೇಳಿ ಬರೆದುಕೊಳ್ಳುತ್ತಿದ್ದೆ. ಅವರು ಖುಷಿಯಿಂದ ಹೇಳುತ್ತಿದ್ದರು. ಆಮೇಲಾಮೇಲೆ ಯಾಕೆ ಏರಿತು, ಯಾಕೆ ಇಳಿಯಿತು ಅಂತಲೂ ವಿವರಿಸುತ್ತಿದ್ದರು.

ಅದೇ ವರ್ಷ ಜೆಎಐಐಬಿ ಅನ್ನುವ ಪರೀಕ್ಷೆಗೆ ಕಟ್ಟಿದೆ. ಬ್ಯಾಂಕಿನವರಿಗೆ ಪರೀಕ್ಷೆ ನಡೆಸುವ ಐಐಬಿಎಫ್ ಮುಂಬೈಯಲ್ಲಿದೆ, 1928ರಿಂದ ಇರುವ ಸಂಸ್ಥೆ. ಕ್ಲರ್ಕ್‌ಗೆ ಜೆಎಐಐಬಿ ಪಾಸಾದರೆ ಒಂದು ಇನ್‌ಕ್ರಿಮೆಂಟ್, ಮುಂದೆ ಸಿಎಐಐಬಿ ಪಾಸಾದರೆ ಇನ್ನೆರಡು. 2023ರಲ್ಲಿ ಸಿಲಬಸ್ ಬದಲಾಗಿ ಮೂರಿದ್ದ ಪೇಪರ್ ನಾಲ್ಕಾಗಿತ್ತು. ಒಂದೊಂದಕ್ಕೆ ನೂರು ಪ್ರಶ್ನೆ, ಎರಡು ಗಂಟೆ. ಐವತ್ತು ಬಂದರೆ ಪಾಸು. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಇದಕ್ಕೆ ಓದುವುದರಲ್ಲಿ ಎರಡು ದಾರಿ ಇದೆ. ಹಿಂದಿನ ಸಲ ಬರೆದವರು ನೆನಪಿಟ್ಟುಕೊಂಡು ಹಂಚಿದ ಪ್ರಶ್ನೆಗಳನ್ನು ಉರು ಹೊಡೆಯುವುದು ಒಂದು. ಮ್ಯಾಕ್‌ಮಿಲನ್‌ನ ದಪ್ಪ ಪುಸ್ತಕಗಳನ್ನು ಮೊದಲ ಪುಟದಿಂದ ಓದುವುದು ಇನ್ನೊಂದು. ಮೊದಲನೆಯದರಿಂದಲೂ ಪಾಸಾಗುತ್ತಾರೆ. ನನಗೆ ಪಾಸಾಗುವುದರ ಜೊತೆಗೆ ವಿಷಯ ಬೇಕಿತ್ತು. ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಓದುತ್ತಿದ್ದೆ. ಆ ಹೊತ್ತಿಗೆ ಮನೆಯಲ್ಲಿ ಎದ್ದಿರುತ್ತಿದ್ದವರು ಅತ್ತೆ ಒಬ್ಬರೇ. ಮಾತಾಡದೆ ಒಂದು ಲೋಟ ಕಾಫಿ ತಂದು ಪುಸ್ತಕದ ಪಕ್ಕ ಇಟ್ಟು ಹೋಗುತ್ತಿದ್ದರು.

ಓದುವಾಗ ಕಣ್ಣು ತೆರೆಸಿದ ಒಂದು ಸಣ್ಣ ವಿಷಯ ಹೇಳುತ್ತೇನೆ. ಜನ ಖಾತೆಗೆ ದುಡ್ಡು ಕಟ್ಟಿದರೆ ಕ್ರೆಡಿಟ್, ತೆಗೆದರೆ ಡೆಬಿಟ್. ಹತ್ತು ವರ್ಷ ದಿನಕ್ಕೆ ನೂರು ಸಲ ಹಾಕಿದ್ದೆ. ಯಾಕೆ ಹಾಗೆ ಅಂತ ಕೇಳಿಕೊಂಡಿರಲಿಲ್ಲ. ಜನ ಕಟ್ಟಿದ ದುಡ್ಡು ಬ್ಯಾಂಕಿನದ್ದಲ್ಲ, ಬ್ಯಾಂಕು ಅವರಿಗೆ ವಾಪಸ್ ಕೊಡಬೇಕಾದ ಸಾಲ. ಅದಕ್ಕೇ ಬ್ಯಾಂಕಿನ ಪುಸ್ತಕದಲ್ಲಿ ಅದು ಕ್ರೆಡಿಟ್. ಅಷ್ಟು ಸರಳ. ಇದು ಅರ್ಥವಾದ ದಿನ ಕೌಂಟರ್‌ನಲ್ಲಿ ಕೂತು ಒಬ್ಬ ಅಜ್ಜ ಕಟ್ಟಿದ ಎರಡು ಸಾವಿರ ತೆಗೆದುಕೊಳ್ಳುವಾಗ, ನಾನು ಈಗ ಇವರಿಗೆ ಸಾಲಗಾರಳು ಅನ್ನಿಸಿತು.

ಮೊದಲ ಸಲ ಮೂರು ಪೇಪರ್ ಪಾಸಾದವು. ಅಕೌಂಟ್ಸ್ ಹೋಯಿತು, 41. ಬಾಂಡಿನ ಬೆಲೆ, ಇವತ್ತಿನ ಮೌಲ್ಯ, ಸವಕಳಿ, ಈ ಲೆಕ್ಕಗಳು ನನಗೆ ಬಿಎಸ್‌ಸಿಯಲ್ಲಿ ಬಂದಿರಲಿಲ್ಲ. ಪಾಸಾದ ಮೂರನ್ನು ಮತ್ತೆ ಬರೆಯಬೇಕಿರಲಿಲ್ಲ. ಮುಂದಿನ ಪರೀಕ್ಷೆಯವರೆಗೆ ನಾಲ್ಕು ತಿಂಗಳು ಅದೊಂದೇ. ನಮ್ಮ ಮನೆಯವರು ಬಿಕಾಂ ಓದಿದವರು. ಅಂಗಡಿ ಮುಚ್ಚಿ ಬಂದ ಮೇಲೆ ಕೂತು ಹೇಳಿಕೊಟ್ಟರು. ಬ್ಯಾಂಕ್ ರಿಕನ್ಸಿಲಿಯೇಷನ್ ಅನ್ನುವುದನ್ನು ಅವರು ತಮ್ಮ ಅಂಗಡಿಯ ಪಾಸ್‌ಬುಕ್ ಮತ್ತು ಕ್ಯಾಶ್‌ಬುಕ್ ಎರಡೂ ಬಿಚ್ಚಿಟ್ಟು ತೋರಿಸಿದರು. ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲ, ಇಲ್ಲಿ ಬರೆದಿದೆ, ಅಲ್ಲಿ ಬಂದಿಲ್ಲ. ಬೆರಳಿಟ್ಟು ತೋರಿಸಿದ ಮೇಲೆ ಮರೆಯಲಿಲ್ಲ. ನವೆಂಬರ್‌ನಲ್ಲಿ 58 ಬಂತು.

2024ರಲ್ಲಿ ಎರಡನೇ ಸಂದರ್ಶನ. ಹೋಗುವ ಹಿಂದಿನ ಭಾನುವಾರ ಡೈರಿ ಮೊದಲಿಂದ ಕೊನೆತನಕ ಓದಿ, ಒಂದೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಹತ್ತು ತಿಂಗಳಲ್ಲಿ 212 ಬೆಳೆ ಸಾಲದ ರಿನ್ಯೂವಲ್, 9 ಹೊಸ ಸ್ವಸಹಾಯ ಸಂಘ, ಎನ್‌ಪಿಎ ಆಗುವ ಅಂಚಿನಲ್ಲಿದ್ದ 31 ಖಾತೆಗಳ ಮನೆಗೆ ಹೋಗಿ ಮಾತಾಡಿದ್ದು, ಅದರಲ್ಲಿ 22 ಜನ ಕಟ್ಟಿದ್ದು. ಬರೆದು ಮುಗಿಸಿ ನೋಡಿದಾಗ ನನಗೇ ಆಶ್ಚರ್ಯ. ಇಷ್ಟೆಲ್ಲ ನಾನೇ ಮಾಡಿದ್ದಾ ಅಂತ.

ಈ ಸಲವೂ ಏನು ಮಾಡಿದ್ದೀರಿ ಅಂತಲೇ ಶುರು ಮಾಡಿದರು. ಅಂಕಿ ಹೇಳಿದೆ. ಒಬ್ಬರು ಮುಂದೆ ಬಾಗಿ ಕೇಳಿದರು. ರಾಗಿಗೆ ಕೊಟ್ಟ ಸಾಲ ಯಾವಾಗ ಎನ್‌ಪಿಎ? ಬೇರೆ ಸಾಲಕ್ಕೆ 90 ದಿನ ಸರ್, ಆದರೆ ರಾಗಿ ಅಲ್ಪಾವಧಿ ಬೆಳೆ, ಬಾಕಿಯಾಗಿ ಎರಡು ಹಂಗಾಮು ದಾಟಿದರೆ ಎನ್‌ಪಿಎ ಅಂದೆ. ಒಂದು ವರ್ಷಕ್ಕಿಂತ ಉದ್ದ ಹಂಗಾಮಿನ ಬೆಳೆಗೆ? ಒಂದೇ ಹಂಗಾಮು ಅಂದೆ. ಯಾಕೆ ಈ ವ್ಯತ್ಯಾಸ? ಇದು ಪುಸ್ತಕದಲ್ಲಿ ಓದಿದ ಉತ್ತರವಲ್ಲ. "ರೈತನಿಗೆ ದುಡ್ಡು ತಿಂಗಳಿಗೊಮ್ಮೆ ಬರಲ್ಲ ಸರ್, ಬೆಳೆ ಬಂದಾಗ ಬರುತ್ತೆ. ಒಂದು ಬೆಳೆ ಮಳೆಗೆ ಹೋದರೆ ಇನ್ನೊಂದರಲ್ಲಿ ಕಟ್ಟೋಕೆ ಅವಕಾಶ ಬೇಕು. ನಮ್ಮ ಅಪ್ಪ ಹಾಗೆ ಕಟ್ಟಿದ್ದಾರೆ" ಅಂದೆ. ಮೂವರೂ ಸ್ವಲ್ಪ ಹೊತ್ತು ಏನೂ ಬರೆದುಕೊಳ್ಳಲಿಲ್ಲ, ಸುಮ್ನೆ ನನ್ನನ್ನೇ ನೋಡಿದರು. ಅಲ್ಲಿಂದ ಮುಂದೆ ಅದು ಪರೀಕ್ಷೆಯ ಹಾಗಿರಲಿಲ್ಲ, ಮಾತುಕತೆಯ ಹಾಗಿತ್ತು.

ಪಟ್ಟಿಯಲ್ಲಿ ಹೆಸರು ಬಂತು. ಹಿಂದೆಯೇ ಆರ್ಡರ್ ಬಂತು. ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕು.

ಊರ ಹೆಸರು ಓದಿ ಮೊದಲು ಗೂಗಲ್ ಮ್ಯಾಪ್ ತೆಗೆದೆ. ರಾತ್ರಿ ಇಡೀ ಬಸ್ಸು. ಮಗಳಿಗೆ ಆಗ ಎಂಟು ವರ್ಷ. ಅವಳು ಜಾಸ್ತಿ ಅಳಲಿಲ್ಲ. "ಎಷ್ಟು ಶನಿವಾರಕ್ಕೆ ಬರ್ತೀಯಮ್ಮ?" ಅಂತ ಕೇಳಿದಳು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಕ್ಯಾಲೆಂಡರ್‌ನಲ್ಲಿ ಅವಳೇ ಆ ಶನಿವಾರಗಳಿಗೆಲ್ಲ ಸುತ್ತು ಹಾಕಿದಳು. ನಾನು ಬಸ್ಸು ಹತ್ತಿದ ಮೇಲೆ ಅತ್ತುಬಿಟ್ಟೆ. ಇದರ ಬಗ್ಗೆ ಚೆನ್ನಾಗಿ ಕಾಣುವ ಮಾತು ಬರೆಯೋಕೆ ನನಗೆ ಇಷ್ಟ ಇಲ್ಲ. ಕಷ್ಟ ಇದೆ. ಅವಳಿಗೆ ಜ್ವರ ಬಂದ ಒಂದು ಮಂಗಳವಾರ ರಾತ್ರಿ ಆ ಬಾಡಿಗೆ ಕೋಣೆಯಲ್ಲಿ ಕೂತು, ವಾಪಸ್ ಕ್ಲರ್ಕ್ ಮಾಡಿ ಅಂತ ಬರೆದು ಕೊಡಲಾ ಅಂತ ಯೋಚಿಸಿದ್ದೇನೆ. ಬೆಳಿಗ್ಗೆ ಜ್ವರ ಇಳಿದಿತ್ತು. ಬರೆಯಲಿಲ್ಲ.

ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಕಣ್ಣು ಹಾಯಿಸಿದಷ್ಟೂ ಗದ್ದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ತುಂಬಿದ್ದ ಅಣೆಕಟ್ಟೆ. ಸೋಮವಾರ ಬೆಳಿಗ್ಗೆ ಶಾಖೆ ತೆಗೆಯುವ ಮೊದಲೇ ರೈತರು ಬಾಗಿಲಲ್ಲಿದ್ದರು. "ನೀರು ಹೋದ್ವು ರೀ ಮೇಡಂ. ನಾಟಿ ಮಾಡೀವಿ. ಇನ್ನ ಬೆಳಿ ಹ್ಯಾಂಗ್ರಿ? ಸಾಲ ಹ್ಯಾಂಗ್ರಿ?" ಅಂದರು. ಮ್ಯಾನೇಜರ್ ರಜೆಯಲ್ಲಿದ್ದರು. ಸಾಲದ ಅಧಿಕಾರಿ ಅಂತ ಇದ್ದವಳು ನಾನೇ.

ಅವರನ್ನು ಕೂರಿಸಿದೆ. ಒಂದು ಬೆಳೆ ಹೋದ ಕೂಡಲೇ ಸಾಲ ಎನ್‌ಪಿಎ ಆಗುವುದಿಲ್ಲ, ಎರಡು ಹಂಗಾಮು ಸಮಯ ಇದೆ ಅಂತ ಹೇಳಿದೆ. ಬೆಳೆ ವಿಮೆ ಯಾರದ್ದು ಕಟ್ಟಿದೆ, ಯಾರದ್ದು ಇಲ್ಲ ಅಂತ ಒಬ್ಬೊಬ್ಬರದ್ದೇ ತೆಗೆದು ನೋಡಿದೆ. ನೀರು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಒಂದು ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನಿಲ್ಲಿಸಿದರು, ಎಲ್ಲರೂ ಉಸಿರು ಬಿಟ್ಟರು. ಆದರೆ ಆ ಸೋಮವಾರ ಬಾಗಿಲಲ್ಲಿ ನಿಂತವರಿಗೆ ಹೇಳೋಕೆ ನನ್ನ ಹತ್ತಿರ ಸರಿಯಾದ ಮಾತಿತ್ತು. ಎರಡು ವರ್ಷ ಹಿಂದೆ ಅದೇ ಜನ ಬಂದಿದ್ದರೆ "ಸಾಲದ ಟೇಬಲ್‌ನಲ್ಲಿ ಕೇಳಿ" ಅಂತ ಕೈ ತೋರಿಸುತ್ತಿದ್ದೆ. ಅವತ್ತು ರಾತ್ರಿ ಡೈರಿಯಲ್ಲಿ ಎರಡು ಪುಟ ಬರೆದೆ.

ಈಗ ಸಿಎಐಐಬಿ ಓದುತ್ತಿದ್ದೇನೆ. ಇನ್ನೂ ಎರಡು ಪೇಪರ್ ಬಾಕಿ.

ಹೋದ ತಿಂಗಳು ನಮ್ಮ ಶಾಖೆಗೆ ಬಡ್ತಿಯ ಸರ್ಕ್ಯುಲರ್ ಬಂತು. ಪ್ರಿಂಟ್ ತೆಗೆದು ಇಬ್ಬರು ಕ್ಲರ್ಕ್‌ಗಳಿಗೂ ಒಂದೊಂದು ಪ್ರತಿ ಕೈಗೇ ಕೊಟ್ಟೆ. ಒಬ್ಬಾಕೆಗೆ ಏಳು ತಿಂಗಳ ಕೂಸು. "ನನಗ ಈಗ ಬ್ಯಾಡ್ರಿ ಮೇಡಂ, ಇವರಿಗಷ್ಟೇ ಕೊಡ್ರಿ" ಅಂದಳು.

"ಬೇಡ ಅಂತಿದ್ರೆ ಬೇಡ. ಒತ್ತಾಯ ಇಲ್ಲ" ಅಂದೆ. "ಆದ್ರೆ ಅದನ್ನ ನಾನು ತೀರ್ಮಾನ ಮಾಡೋದಲ್ಲಮ್ಮ. ಕೊನೇ ದಿನ 24. ಮನೆಯಲ್ಲಿ ಮಾತಾಡಿ, ನೀವೇ ಬಂದು ಹೇಳಿ."

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಊಟದ ಚೀಲದಲ್ಲಿ ಇಟ್ಟುಕೊಂಡಳು.